ಅರ್ಜಿಯಲ್ಲಿ ತಾರೀಖು ಇರಲಿ
(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಒಂದು ಅರ್ಜಿ ಬರೆಯುವುದರಲ್ಲಿ ಸೋತಿದ್ದೇನೆ. ಆ ಸೋಲಿನಿಂದಲೇ ಮಾತು ಆರಂಭಿಸುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆನ್ನಿನ ಬಾಸುಂಡೆ ತೋರಿಸಿ, "ಮೇಡಂ, ನೀವೇ ಬರೆದುಕೊಡಿ" ಎಂದಳು. ನಾಲ್ಕು ಪುಟ ಬರೆದೆ. ಹೆಣ್ಣಿನ ಶೋಷಣೆ, ಸಮಾಜದ ಕ್ರೌರ್ಯ ಎಲ್ಲವೂ ಇತ್ತು. ಗಂಡ ಯಾವ ದಿನ ಹೊಡೆದ, ಎಷ್ಟು ಹಣ ಕೇಳಿದ, ಯಾರು ನೋಡಿದರು, ಆಕೆಗೆ ಈಗ ಏನು ಬೇಕು ಎಂಬುದೇ ಇರಲಿಲ್ಲ. ಸ್ವೀಕೃತಿಯನ್ನೂ ಪಡೆಯಲಿಲ್ಲ. ಎರಡು ತಿಂಗಳ ನಂತರ ಕಚೇರಿಯಲ್ಲಿ "ಅಂಥ ಅರ್ಜಿಯೇ ಬಂದಿಲ್ಲ" ಎಂದರು. ಅಷ್ಟರಲ್ಲಿ ಆಕೆ ಕೈ ಮುರಿದುಕೊಂಡು ತವರು ಸೇರಿದ್ದಳು.

ಎರಡನೆಯ ಅರ್ಜಿಯನ್ನು ಆಕೆ ಹೇಳಿದಳು, ನಾನು ಬರೆದುಕೊಂಡೆ. ಒಂದೇ ಪುಟ. ತಾರೀಖು, ಘಟನೆ, ಸಾಕ್ಷಿ, ಆಸ್ಪತ್ರೆಯ ಚೀಟಿಯ ನಕಲು. ಕೊನೆಯಲ್ಲಿ ಬೇಡಿಕೆಗಳು: ರಕ್ಷಣೆ, ವಾಸಕ್ಕೆ ಮನೆ, ಜೀವನಾಂಶ, ತನ್ನ ಒಡವೆ. ಇದಕ್ಕೆ ಉತ್ತರ ಬಂತು.

ಯಾರಿಗೆ ಬರೆಯಬೇಕು? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಂತೆ ಸಂರಕ್ಷಣಾಧಿಕಾರಿಗೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಹೊಣೆ ಇದೆ. ನೊಂದವಳೇ ಹೋಗಬೇಕೆಂದಿಲ್ಲ, ನೆರೆಯವರೂ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಪೊಲೀಸರು ದೂರು ದಾಖಲಿಸದಿದ್ದರೆ ಅದನ್ನೇ ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ದಾಖಲಿಸಿದರೆ ಎಫ್‌ಐಆರ್ ಪ್ರತಿ ಉಚಿತ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಉಂಟು.

"ವರದಕ್ಷಿಣೆ ಕೊಟ್ಟದ್ದೂ ತಪ್ಪಲ್ಲವೇ?" ಎಂದು ಎಷ್ಟೋ ಜನ ಮೊತ್ತ ಮುಚ್ಚಿಡುತ್ತಾರೆ. ಹೆದರಬೇಡಿ. 1961ರ ಕಾಯ್ದೆಯಂತೆ, ನೊಂದವರು ಕೊಟ್ಟ ಹೇಳಿಕೆಗಾಗಿ ಅವರ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲ. ಎಷ್ಟು ಕೊಟ್ಟಿರಿ, ಯಾರ ಕೈಗೆ ಕೊಟ್ಟಿರಿ, ಬರೆಯಿರಿ.

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳಿ. ಒಬ್ಬಳೇ ಹೋಗಬೇಡಿ, ಸಂಘದ ಇಬ್ಬರನ್ನು ಕರೆದೊಯ್ಯಿರಿ. ಉತ್ತರ ಬಾರದಿದ್ದರೆ "ನನ್ನ ಅರ್ಜಿಯ ಮೇಲೆ ಏನು ಕ್ರಮವಾಯಿತು?" ಎಂದು ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಹೇಳಲೇಬೇಕು.

ಅಧಿಕಾರಿಯ ಮುಂದೆ ಅಳುವುದೂ ಬೇಡ, ಜಗಳವೂ ಬೇಡ. ನಾವು ಕೇಳುವುದು ಭಿಕ್ಷೆಯಲ್ಲ, ಅವರ ಕೆಲಸ.

ವಾರದ ಉಳಿತಾಯವನ್ನು ಪೈಸೆ ಬಿಡದೆ ಬರೆಯುವವರು ನೀವು. ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ, ಏಟು ತಿಂದು ಬಂದ ಗೆಳತಿಯ ಮಾತನ್ನು ಆ ದಿನವೇ, ತಾರೀಖು ಹಾಕಿ ಬರೆದಿಡಿ. ನಾನು ಮಾಡಿದ ತಪ್ಪು ನಿಮ್ಮಿಂದ ಆಗದಿರಲಿ.