ತೊಟ್ಟಿಲು ಮತ್ತು ಹಾಜರಿ ಪುಸ್ತಕ



ಜೂನ್ ತಿಂಗಳ ಮುಂಗಾರು ಹನಿಯುತ್ತಿರುವ ಒಂದು ಬೆಳಗ್ಗೆ, ಮಂಡ್ಯ ಜಿಲ್ಲೆಯ ನಾಗಮಂಗಲದ ಕಡೆಯ ಯಾವುದಾದರೊಂದು ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆಯ ಬಾಗಿಲಲ್ಲಿ ನಿಂತರೆ, ಐದು ತರಗತಿಗಳಿಗೆಂದು ಕಟ್ಟಿದ ಕೊಠಡಿಗಳಲ್ಲಿ ಒಂದರೊಳಗೆ ಮಾತ್ರ ಚಾಪೆ ಹಾಸಿರುವುದನ್ನೂ, ಅದರ ಮೇಲೆ ಕುಳಿತ ಹತ್ತು ಹನ್ನೆರಡು ಮಕ್ಕಳ ಹಾಜರಿಯನ್ನು ಮೇಷ್ಟ್ರು ಒಂದೇ ಉಸಿರಿಗೆ ಕೂಗಿ ಮುಗಿಸುವುದನ್ನೂ ಕಾಣಬಹುದು.

ಮಕ್ಕಳ ಈ ಕೊರತೆಯ ಮೂಲವಿರುವುದು ತೊಟ್ಟಿಲಿನಲ್ಲಿ. ಒಂದು ತಲೆಮಾರಿನ ಸ್ಥಾನವನ್ನು ಮುಂದಿನದು ತುಂಬಬೇಕಾದರೆ ಸ್ತ್ರೀಯೊಬ್ಬಳಿಗೆ ಸರಾಸರಿ 2.1 ಮಕ್ಕಳು ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆ ಸಂಖ್ಯೆ 1.7. ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ಸರ್ಕಾರದಿಂದಲೇ ತೆರೆಯಲು 1930ರಲ್ಲಿಯೇ ಆಜ್ಞಾಪಿಸಿದ ಮೈಸೂರು ಸಂಸ್ಥಾನದ ಈ ಸೀಮೆಗೆ ಚಿಕ್ಕ ಸಂಸಾರವೆಂಬುದು ಹೊಸ ಮಾತೇನಲ್ಲ. 2001ರಿಂದ 2011ರವರೆಗಿನ ದಶಕದಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆಯ ಏರಿಕೆ ಶೇಕಡ 3ನ್ನೂ ಮುಟ್ಟಲಿಲ್ಲ. ಕೆ.ಆರ್. ಪೇಟೆ, ನಾಗಮಂಗಲಗಳ ಬೆದ್ದಲು ಸೀಮೆಯ ಎಷ್ಟೋ ಸಂಸಾರಗಳು ದುಡಿಮೆಯನ್ನರಸಿ ಮುಂಬಯಿ, ಬೆಂಗಳೂರು ಸೇರಿದುವು. ನಾಲೆಯ ನೀರುಣ್ಣುವ ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಾದರೋ ಕಾನ್ವೆಂಟಿನ ಹಳದಿ ವ್ಯಾನು ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಇನ್ನು ಶಿಕ್ಷಕರ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಕಿರಿಯ ತರಗತಿಗಳಲ್ಲಿ ನೂರು ಮಕ್ಕಳಿದ್ದರೆ ನಾಲ್ವರು ಶಿಕ್ಷಕರು, ಅರವತ್ತಕ್ಕಿಳಿದರೆ ಇಬ್ಬರು. ಮಿಕ್ಕವರು ‘ಹೆಚ್ಚುವರಿ’ ಎನಿಸಿಕೊಂಡು ಬೇರೆ ಊರಿನ ಬಸ್ಸು ಹತ್ತಬೇಕು. ಆದರೆ ತಲೆಗಳು ಕಡಮೆಯಾದ ಮಾತ್ರಕ್ಕೆ ತರಗತಿಗಳು ಕಡಮೆಯಾಗುವುವೆ? ಅವು ಐದಕ್ಕೆ ಐದೇ. ಒಂದನೆಯದಕ್ಕೆ ಅಕ್ಷರ ತಿದ್ದಿಸುತ್ತಲೇ ಐದನೆಯದಕ್ಕೆ ಭಿನ್ನರಾಶಿ ಹೇಳುವ ಹೊಣೆ ಉಳಿದಿಬ್ಬರ ಮೇಲೆ ಬೀಳುತ್ತದೆ. ಕಾಲದ ತೊಡಕು ಬೇರೆ: ಇಂದು ಹುಟ್ಟದ ಕೂಸು ಆರು ವರ್ಷಕ್ಕೇ ಒಂದನೆಯ ತರಗತಿಯಲ್ಲಿ ತೆರವಾದ ಜಾಗವಾಗುತ್ತದೆ, ಇಂದು ನೇಮಕಗೊಂಡ ಇಪ್ಪತ್ತೈದರ ಮೇಷ್ಟ್ರಾದರೋ ಅರವತ್ತರಲ್ಲಿ ನಿವೃತ್ತರಾಗುವವರೆಗೆ, ಮೂವತ್ತೈದು ವರ್ಷ, ಸೇವೆಯಲ್ಲಿರುವವರು. ಹೀಗಾಗಿ ನೇಮಕದ ಆಜ್ಞೆಗೆ ಸಹಿ ಹಾಕುವ ಕೈ ಅಳುಕುತ್ತದೆ. ತೆರವಾದ ಹುದ್ದೆಯಲ್ಲಿ ಶಾಲಾವರ್ಷದ ಮಟ್ಟಿಗೆ ಅತಿಥಿ ಶಿಕ್ಷಕರು ಬಂದು ಹೋಗುತ್ತಾರೆ.

ಮಕ್ಕಳು ಕಡಮೆಯಿರುವುದು ತಾನಾಗಿ ಕೇಡಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ‘ನಲಿ-ಕಲಿ’ ಪದ್ಧತಿ, ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಅವರವರ ನಡಿಗೆಯಲ್ಲಿ ಕಲಿಸಬಹುದೆಂದು ತೋರಿಸಿಕೊಟ್ಟಿದೆ. ತಲೆಯ ಲೆಕ್ಕದ ಜೊತೆಗೆ ತರಗತಿಯ ಲೆಕ್ಕವನ್ನೂ ಹಿಡಿದು ಶಿಕ್ಷಕರನ್ನು ಕೊಟ್ಟರೆ ಸಣ್ಣ ಶಾಲೆಯೂ ಬಾಳೀತು. ಅಷ್ಟರ ಮೇಲೂ ಮುಚ್ಚಲೇಬೇಕೆಂದಾದರೆ, ಮುಚ್ಚುವವರು ಪಕ್ಕದೂರಿನ ಶಾಲೆಯವರೆಗಿನ ನಾಲೆಯ ಏರಿಯನ್ನೋ ಕೆರೆಯ ಏರಿಯನ್ನೋ, ಆರು ವರ್ಷದ ಮಗುವೊಂದರ ಕೈಹಿಡಿದು, ಮಳೆಗಾಲದಲ್ಲಿ ಒಮ್ಮೆ ನಡೆದು ಬರಲಿ.