ಒಂದೇ ಎಳೆಯಲ್ಲಿ ಹಲವು ಸಂಜ್ಞೆಗಳು

ಇರಕಲ್ಲಗಡದ ಕಡೆಯವರು ರೈಲು ಹತ್ತಬೇಕಾದರೆ ಕೊಪ್ಪಳಕ್ಕೆ ಬರಬೇಕು. ಕುಷ್ಟಗಿಯವರಿಗೆ ಅಂಥ ತೊಂದರೆ 2025ರ ಮೇ 15ರಂದು ನೀಗಿತು. ತಳಕಲ್ಲಿನಿಂದ ಹೊರಟ ಹೊಸ ಹಳಿ ಕುಕನೂರು, ಯಲಬುರ್ಗಾ ಸೀಮೆಯನ್ನು ಹಾಯ್ದು ಅಂದು ಅವರ ಊರನ್ನು ಮುಟ್ಟಿತು. ಗಿಣಿಗೇರಿಯಿಂದ ಗಂಗಾವತಿಗೆ ಅದಕ್ಕೂ ಮೊದಲೇ ಗಾಡಿ ಬಂದಿತ್ತು. ಹೊಸ ಗಾಡಿ ಬಂದಾಗ ಜನ ಎಂಜಿನನ್ನು ನೋಡುತ್ತಾರೆ, ಹೂಮಾಲೆಯನ್ನು ನೋಡುತ್ತಾರೆ. ಹಳಿಯ ಪಕ್ಕದಲ್ಲಿ ನೆಲದೊಳಗೆ ಹೂತಿರುವ ಕೇಬಲ್ಲನ್ನು ಯಾರೂ ನೋಡುವುದಿಲ್ಲ. ನೋಡಲು ಅದು ಕಾಣುವುದೂ ಇಲ್ಲ. ಆದರೆ ಗಾಡಿಯಲ್ಲಿ ಕುಳಿತವರ ಜೀವ ಆ ಕೇಬಲ್ಲಿನೊಳಗೆ ಹರಿದಾಡುವ ಸಂಜ್ಞೆಗಳನ್ನು ನಂಬಿಕೊಂಡಿರುತ್ತದೆ. ಇಂದು ನಾನು ಹೇಳಹೊರಟಿರುವುದು ಆ ಸಂಜ್ಞೆಗಳ ಸಂಗತಿ.

ಎರಡು ನಿಲ್ದಾಣಗಳ ನಡುವೆ ಒಂಟಿ ಹಳಿ ಇದೆ ಎನ್ನಿ. ಎರಡು ಕಡೆಯಿಂದಲೂ ಗಾಡಿ ಹೊರಟರೆ ಗತಿಯೇನು? ಹಿಂದಿನವರು ಇದಕ್ಕೆ ಕಂಡುಕೊಂಡ ಉಪಾಯ ಲೋಹದ ಚೆಂಡು. ಬೆತ್ತದ ದೊಡ್ಡ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಈ ಟೋಕನ್ನನ್ನು ಇಟ್ಟುಕೊಂಡು ಚಾಲಕ ಸಾಗುತ್ತಿದ್ದುದನ್ನು ವಯಸ್ಸಾದವರು ಕಂಡಿದ್ದಾರೆ. ಎರಡು ನಿಲ್ದಾಣಗಳ ಯಂತ್ರಗಳು ತಂತಿಯಿಂದ ಒಂದಕ್ಕೊಂದು ಬಿಗಿದುಕೊಂಡಿರುತ್ತಿದ್ದವು. ಆಚೆಯ ಮಾಸ್ತರು ಒಪ್ಪಿಗೆ ಕೊಟ್ಟರೆ ಮಾತ್ರ ಈಚೆಯ ಯಂತ್ರ ಒಂದು ಚೆಂಡನ್ನು ಹೊರಗೆ ಬಿಡುತ್ತಿತ್ತು. ಆ ಚೆಂಡು ಮರಳಿ ಒಂದು ಯಂತ್ರದೊಳಗೆ ಬೀಳುವತನಕ ಎರಡೂ ಕಡೆ ಇನ್ನೊಂದು ಚೆಂಡು ಹೊರಬರುತ್ತಿರಲಿಲ್ಲ. ಚೆಂಡು ಯಾರ ಕೈಯಲ್ಲಿದೆಯೋ ಹಳಿ ಅವರದು.

ಆ ಕಾಲದಲ್ಲಿಯೂ ಮಾತು, ಗಂಟೆಯ ಬಡಿತ, ಒಪ್ಪಿಗೆ ಇವು ತಂತಿಯನ್ನು ಹಂಚಿಕೊಂಡೇ ಬಾಳುತ್ತಿದ್ದವು. ಆದರೆ ಕಂಬದ ಮೇಲಿನ ತಾಮ್ರದ ತಂತಿಗೆ ಎರಡು ಶತ್ರುಗಳು. ಒಂದು, ವಿದ್ಯುತ್ ಎಂಜಿನುಗಳಿಗಾಗಿ ಎಳೆದ 25,000 ವೋಲ್ಟಿನ ತಂತಿ. ಅದು ಪಕ್ಕದ ಟೆಲಿಫೋನ್ ತಂತಿಯಲ್ಲಿ ಬೇಡದ ವಿದ್ಯುತ್ತನ್ನು ಎಬ್ಬಿಸುತ್ತದೆ. ಎರಡನೆಯದು ಕಳ್ಳ. ತಾಮ್ರಕ್ಕೆ ಗುಜರಿಯಲ್ಲಿ ಬೆಲೆಯಿದೆ, ಗಾಜಿಗೆ ಇಲ್ಲ. ಈಗ ಅನೇಕ ಮಾರ್ಗಗಳಲ್ಲಿ ಕೂದಲೆಳೆಯಂಥ ಗಾಜಿನ ತಂತು ಬೆಳಕಿನ ಮಿನುಗುಗಳಾಗಿ ಸುದ್ದಿಯನ್ನು ಒಯ್ಯುತ್ತಿದೆ. ಮಾಸ್ತರರ ಟೆಲಿಫೋನು, ನಿಯಂತ್ರಣ ಕಚೇರಿಯ ಆದೇಶ, ನೆರೆಯ ನಿಲ್ದಾಣದ ಒಪ್ಪಿಗೆ ಎಲ್ಲವೂ ಆ ಒಂದೇ ಎಳೆಯಲ್ಲಿ ಓಡಬಲ್ಲವು.

ಒಂದರಲ್ಲೊಂದು ಬೆರೆತು ಗೊಂದಲವಾಗುವುದಿಲ್ಲವೇ? ತುಂಗಭದ್ರೆಯ ಎಡದಂಡೆ ಕಾಲುವೆಯ ರೈತರು ಇದನ್ನು ಕೇಳಲಾರರು. ಒಂದೇ ವಿತರಣಾ ಕಾಲುವೆ, ಹಲವು ಹೊಲ. ಪಾಳಿ ಬಂದಾಗ ನೀರು ಅವರವರದು. ಇಲ್ಲಿಯೂ ಪಾಳಿಯೇ, ಆದರೆ ಅದು ಸೆಕೆಂಡಿಗೆ 8,000 ಬಾರಿ ಸುತ್ತಿ ಬರುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಏರ್ಪಾಡಿನಲ್ಲಿ ಒಂದು ಸುತ್ತಿಗೆ 32 ಮನೆಗಳು, ಮನೆಯೊಂದಕ್ಕೆ ಎಂಟು ಬಿಟ್ಟುಗಳು. ಬಿಟ್ಟು ಎಂದರೆ ಸೊನ್ನೆ ಇಲ್ಲವೇ ಒಂದು, ನಮ್ಮ ಲಘು-ಗುರುಗಳ ಹಾಗೆ. ಹೀಗೆ ಸೆಕೆಂಡಿಗೆ ಒಟ್ಟು 20,48,000 ಬಿಟ್ಟುಗಳು. ಅನುಷ್ಟುಪ್ ಶ್ಲೋಕಕ್ಕೂ ಪಾದಕ್ಕೆ ಎಂಟರಂತೆ 32 ಅಕ್ಷರಗಳೇ! ಇದು ಕಾಕತಾಳೀಯವೆಂದು ಬಲ್ಲೆ. ಆದರೂ ಛಂದಸ್ಸನ್ನು ಪಾಠ ಹೇಳುವವನಿಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಶ್ಲೋಕದಲ್ಲಿ ಐದನೆಯದು ಲಘು, ಆರನೆಯದು ಗುರು ಎಂದು ಸ್ಥಾನದಿಂದಲೇ ನಿಯಮ ಹುಟ್ಟುವಂತೆ, ಇಲ್ಲಿ ಬಿಟ್ಟು ಯಾರದೆಂಬುದನ್ನು ಅದರ ಸ್ಥಾನವೇ ಹೇಳುತ್ತದೆ.

ಆದ್ದರಿಂದ ಎಣಿಕೆ ತಪ್ಪಬಾರದು. ಮೊದಲನೆಯ ಮನೆಯನ್ನು, ಅಂದರೆ ಸೊನ್ನೆಯ ಮನೆಯನ್ನು, ಸುತ್ತು ಎಲ್ಲಿ ಆರಂಭವಾಯಿತೆಂಬ ಗುರುತಿಗೆ ಮೀಸಲಿಟ್ಟಿದ್ದಾರೆ. ಟೆಲಿಫೋನಿಗೆ ಬಳಸುವಾಗ 16ನೆಯ ಮನೆಯಲ್ಲಿ ಮಾತೇ ಇರುವುದಿಲ್ಲ. ಯಾರು ಫೋನು ಎತ್ತಿದರು, ಯಾರು ಇಟ್ಟರು ಎಂಬ ಕಾರ್ಯಸಂಜ್ಞೆಗಳಷ್ಟೇ ಅಲ್ಲಿ, ಒಂದು ಸುತ್ತಿಗೆ ಇಬ್ಬರಂತೆ ಸರದಿಯಲ್ಲಿ ಸಾಗುತ್ತವೆ. ಉಳಿದ 30 ಮನೆಗಳು ಮಾತಿಗೆ.

ಇಷ್ಟು ಟೆಲಿಫೋನಿಗೆ ಸಾಕು. ಮಾತಿನಲ್ಲಿ ಒಂದಕ್ಷರ ಕೆಟ್ಟರೆ 'ಏನಂದಿರಿ?' ಎಂದು ಕೇಳಬಹುದು. ಒಪ್ಪಿಗೆಯ ಸಂಜ್ಞೆ ಕೆಟ್ಟರೆ ಕೇಳುವವರು ಯಾರು? ಕೊಪ್ಪಳ, ಗಿಣಿಗೇರಿಗಳನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಎಲ್ಲೋ ಒಂದು ಕಡೆ ಎಳೆ ಮಡಚಿಕೊಂಡು ಕೊಪ್ಪಳದ ಸಂಜ್ಞೆ ಕೊಪ್ಪಳಕ್ಕೇ ಮರಳಿತು ಎನ್ನಿ. ಪರೀಕ್ಷೆಗಾಗಿ ಹಾಗೆ ಮಡಚುವುದೂ ಉಂಟು. ಗುಡ್ಡಕ್ಕೆ ಮುಖಮಾಡಿ 'ಬರಲೇ?' ಎಂದು ಕೂಗಿದವನು ಪ್ರತಿಧ್ವನಿಯನ್ನು 'ಬಾ' ಎಂದು ಕೇಳಿಸಿಕೊಂಡಂತಾದೀತು.

ಇದಕ್ಕಾಗಿ ಬ್ಲಾಕ್ ಯಂತ್ರಕ್ಕೂ ಗಾಜಿನ ಎಳೆಗೂ ನಡುವೆ ಒಂದು ದುಭಾಷಿ ಪೆಟ್ಟಿಗೆಯನ್ನು ಇಡುತ್ತಾರೆ. ಯುಎಫ್‌ಎಸ್‌ಬಿಐ ಎಂದು ಅದರ ಹೆಸರು. ಹೆಸರಿಗಿಂತ ಕೆಲಸ ಚೆನ್ನಾಗಿದೆ. ಯಂತ್ರದ ಯಾವ ಸಂಪರ್ಕ ಕೂಡಿದೆ, ಯಾವುದು ಬಿಟ್ಟಿದೆ ಎಂದು ಅದು ಓದಿ ಒಂದು ಒಕ್ಕಣೆ ಮಾಡುತ್ತದೆ. ಅದರಲ್ಲಿ ಕಳುಹಿಸುವವರ ಗುರುತು ಇರುತ್ತದೆ, ಆದ್ದರಿಂದ ಪ್ರತಿಧ್ವನಿ ಮೋಸಮಾಡಲಾರದು. ಕೊನೆಯಲ್ಲಿ ತಾಳೆನೋಡುವ ಒಂದು ಲೆಕ್ಕ ಇರುತ್ತದೆ. ದಾರಿಯಲ್ಲಿ ಬಿಟ್ಟು ಕೆಟ್ಟರೆ ಲೆಕ್ಕ ಕೂಡುವುದಿಲ್ಲ, ಪತ್ರ ತಿರಸ್ಕೃತ. ಓದುವ ಗಣಕಗಳೂ ಎರಡು. ಎರಡೂ ಒಂದೇ ಮಾತು ಹೇಳಬೇಕು. ಈ ಪತ್ರವನ್ನು ಒಮ್ಮೆ ಕಳುಹಿಸಿ ಸುಮ್ಮನಾಗುವಂತಿಲ್ಲ, ಮತ್ತೆ ಮತ್ತೆ ಕಳುಹಿಸುತ್ತಲೇ ಇರಬೇಕು. ಗೊತ್ತಾದ ಅವಧಿಯೊಳಗೆ ಸರಿಯಾದ ಪತ್ರ ಬಾರದಿದ್ದರೆ ಆಚೆಯ ಪೆಟ್ಟಿಗೆ ಹಳೆಯ ಸುದ್ದಿಯನ್ನು ಹಿಡಿದು ಕೂರುವುದಿಲ್ಲ. ರಿಲೇ ಕೈಬಿಡುತ್ತದೆ, ಒಪ್ಪಿಗೆ ಅಳಿಯುತ್ತದೆ, ಗಾಡಿಗೆ ಕೆಂಪುದೀಪ. ಮೌನವು ಸಮ್ಮತಿಯ ಲಕ್ಷಣವೆಂದು ಲೋಕರೂಢಿ. ರೈಲಿನವರು ಅದನ್ನು ತಲೆಕೆಳಗು ಮಾಡಿದ್ದಾರೆ, ಅದು ಒಳ್ಳೆಯದಾಯಿತು.

ಎಳೆ ಇಷ್ಟು ಪ್ರಾಮಾಣಿಕವಾಗಿದ್ದರೂ ಎಲ್ಲ ಅಪಾಯ ತೀರಲಿಲ್ಲ. 2023ರ ಫೆಬ್ರವರಿ 8ರಂದು ನಮ್ಮ ನೈಋತ್ಯ ರೈಲ್ವೆಯ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿಗೆ ಹೋಗಬೇಕಾದ ದಾರಿ ಒಂದು, ಕೂಡುಹಳಿ ತಿರುಗಿದ್ದ ದಾರಿ ಇನ್ನೊಂದು. ಚಾಲಕ ಕಣ್ಣಾರೆ ಕಂಡು ಗಾಡಿ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಎಚ್ಚರಿಕೆಯ ಪತ್ರವನ್ನೂ ಬರೆದರು. ಅದೇ ವರ್ಷ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮುಖ್ಯ ಹಳಿಯ ಹಸುರು ಸಂಜ್ಞೆ ದೊರೆಯಿತು, ಕೂಡುಹಳಿ ಮಾತ್ರ ಸರಕುಗಾಡಿ ನಿಂತಿದ್ದ ಪಕ್ಕದ ಹಳಿಯ ಕಡೆಗಿತ್ತು. ಸತ್ತವರು 290ಕ್ಕೂ ಹೆಚ್ಚು. ತಂತಿಜೋಡಣೆ ಬದಲಿಸುವಾಗ ಆದ ತಪ್ಪುಗಳನ್ನು ರೈಲ್ವೆ ಸುರಕ್ಷತಾ ಆಯುಕ್ತರ ವಿಚಾರಣೆ ಎತ್ತಿ ತೋರಿಸಿತು. ಇವು ಎಳೆಯ ದೋಷಗಳಲ್ಲ. ಸುಳ್ಳನ್ನು ಬರೆದು ಕೊಟ್ಟರೆ ಅತ್ಯಂತ ನಂಬಿಕಸ್ಥ ಅಂಚೆಯವನೂ ಸುಳ್ಳನ್ನೇ ಮುಟ್ಟಿಸುತ್ತಾನೆ.

ಇನ್ನು ಗಾಡಿ ನಿಲ್ದಾಣದಲ್ಲಿಯೇ ಬಹಳ ಹೊತ್ತು ನಿಂತರೆ ನಾವು ಗೊಣಗುತ್ತೇವೆ. ಕೆಲವು ಸಲ ಒಳಗೆ ನಡೆಯುತ್ತಿರುವುದು ಇಷ್ಟು: ಬ್ಲಾಕ್ ಯಂತ್ರ ಕೈಕೊಟ್ಟಿದೆ. ಮಾಸ್ತರರು ಫೋನಿನಲ್ಲಿ ಆಚೆಯ ಮಾಸ್ತರರನ್ನು ಹಿಡಿದು, ಹಿಂದಿನ ಗಾಡಿ ಪೂರ್ತಿಯಾಗಿ ಬಂದು ಸೇರಿತೇ ಎಂದು ಕೇಳುತ್ತಾರೆ. ಆಚೆಯವರು ಬರಿಯ 'ಹೂಂ' ಎಂದರೆ ಸಾಲದು. ತಮ್ಮ ಬಳಿಯ ಗುಪ್ತ ಪಟ್ಟಿಯಿಂದ ಒಂದು ಅಂಕಿಯನ್ನು ಹೇಳಬೇಕು, ಹೇಳಿದ ಅಂಕಿಯನ್ನು ಹೊಡೆದುಹಾಕಬೇಕು. ಈಚೆಯವರು ಅದನ್ನು ಚೀಟಿಯ ಮೇಲೆ ಬರೆದು ಸಹಿಮಾಡಿ ಚಾಲಕನ ಕೈಗೆ ಕಳುಹಿಸುತ್ತಾರೆ. ಆ ಚೀಟಿ ಎಂಜಿನಿನತನಕ ಒಬ್ಬ ಮನುಷ್ಯನ ಕೈಯಲ್ಲಿ ನಡೆದು ಹೋಗುವಷ್ಟು ಹೊತ್ತು ನಾವು ಕಾಯುತ್ತಿರುತ್ತೇವೆ.