ಹರಿಯುವ ಬೆಟ್ಟ, ಸಿಡಿಯುವ ಬೆಟ್ಟ



ಜ್ವಾಲಾಮುಖಿಗಳಲ್ಲಿ ಶಾಂತವಾಗಿ ಹರಿಯುವವು, ಸಿಡಿಯುವವು ಎಂಬ ಎರಡು ವರ್ಗಗಳಿವೆ ಎಂದು ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಮೊದಲನೆಯದಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಹವಾಯಿ ದ್ವೀಪದ ಕಿಲವೇಯ. ಕಾರ್ಯಕ್ರಮ ತಯಾರಿಸುವಾಗ ನಾನೂ ಅಲ್ಲಿನ ಕೆಂಪು ಹೊಳೆಯ ದೃಶ್ಯಗಳನ್ನೇ ಆರಿಸಿದ್ದುಂಟು. ಬೂದಿ, ಹೊಗೆ ಪರದೆಯ ಮೇಲೆ ಅಷ್ಟು ಕಳೆಗಟ್ಟುವುದಿಲ್ಲ. ಆದರೆ ಕಿಲವೇಯದ ಚರಿತ್ರೆಯನ್ನು ನೋಡಿದರೆ, ಅದನ್ನು ಒಂದೇ ವರ್ಗಕ್ಕೆ ಸೇರಿಸುವುದು ಅಪಾಯಕರ ಎಂದು ತಿಳಿಯುತ್ತದೆ.

ಕಿಲವೇಯದ ಲಾವಾರಸ ಬಸಾಲ್ಟ್ ಜಾತಿಯದು. ವಿಜಯಪುರದ ಗೋಲಗುಮ್ಮಟದ ಕರಿಗಲ್ಲೂ ಬಸಾಲ್ಟೇ. ಅದು ಕೋಟ್ಯಂತರ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾರಸ. ಇದರಲ್ಲಿ ಸಿಲಿಕಾ ಅಂಶ ಕಡಿಮೆ. ಆದ್ದರಿಂದ ಶಿಲಾರಸ ತೆಳುವಾಗಿರುತ್ತದೆ, ಒಳಗಿನ ಅನಿಲ ಸುಲಭವಾಗಿ ಹೊರಬೀಳುತ್ತದೆ. 1983ರ ಜನವರಿಯಲ್ಲಿ ಬೆಟ್ಟದ ಪೂರ್ವ ಪಾರ್ಶ್ವದಲ್ಲಿ ಇಂಥ ಹರಿವು ಆರಂಭವಾಗಿ, ಸಣ್ಣಪುಟ್ಟ ಬಿಡುವುಗಳೊಡನೆ 2018ರವರೆಗೆ ನಡೆಯಿತು.

ಅದೇ ಶಿಲಾರಸದಲ್ಲಿ ಅನಿಲ ಹೆಚ್ಚಿದ್ದು, ಅದು ವೇಗವಾಗಿ ಮೇಲೇರಿದರೆ? ಸೋಡಾ ಬಾಟಲಿಯ ಗೋಲಿಯನ್ನು ಒತ್ತಿದಾಗ ಏನಾಗುತ್ತದೆಂಬುದು ನಿಮಗೆ ಗೊತ್ತು. ಒತ್ತಡ ತಗ್ಗಿದೊಡನೆ, ಕರಗಿದ್ದ ಅನಿಲ ಗುಳ್ಳೆಗಳಾಗಿ ದ್ರವವನ್ನೂ ಹೊತ್ತುಕೊಂಡು ಉಕ್ಕುತ್ತದೆ. 1959ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಕಿಲವೇಯ ಇಕಿ ಎಂಬ ಕುಳಿಯಲ್ಲಿ ಹೀಗೆ ಎದ್ದ ಬೆಂಕಿಯ ಕಾರಂಜಿ 580 ಮೀಟರ್ ಎತ್ತರ ಮುಟ್ಟಿತು.

ಮೂರನೆಯ ಬಗೆ ಎಲ್ಲಕ್ಕಿಂತ ಅಪಾಯಕರ. 1924ರಲ್ಲಿ ಶಿಖರದ ಹಲೆಮೌಮೌ ಕುಳಿಯಲ್ಲಿದ್ದ ಲಾವಾ ಸರೋವರ ಇದ್ದಕ್ಕಿದ್ದಂತೆ ಕೆಳಗಿಳಿಯಿತು. ಕಾದ ಕಾವಲಿಯ ಮೇಲೆ ನೀರು ಬಿದ್ದಂತೆ ಅಂತರ್ಜಲವು ಬಿಸಿ ಬಂಡೆಗಳನ್ನು ತಾಕಿ ಹಬೆಯಾಯಿತು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ನೀರು ಹಬೆಯಾದಾಗ ಅದರ ಗಾತ್ರ ಸಾವಿರಾರು ಪಟ್ಟು ಹಿಗ್ಗಬಲ್ಲದು. ಹಬೆಗೆ ದಾರಿ ಸಿಗದಿದ್ದರೆ ಬಂಡೆಯೇ ಸಿಡಿಯಬೇಕು. ಮೇ ತಿಂಗಳಲ್ಲಿ ಎರಡೂವರೆ ವಾರಗಳ ಕಾಲ 50ಕ್ಕೂ ಹೆಚ್ಚು ಸ್ಫೋಟಗಳಾದವು. ಟನ್ನುಗಟ್ಟಲೆ ತೂಕದ ಬಂಡೆಗಳು ಹಾರಿದವು. ಹತ್ತಿರ ಹೋಗಿದ್ದ ಒಬ್ಬರು ಪ್ರಾಣ ಕಳೆದುಕೊಂಡರು. ಅದಕ್ಕೂ ಹಿಂದೆ, 1790ರ ಸ್ಫೋಟದಲ್ಲಿ ಬೆಟ್ಟದ ಬಳಿ ಸಾಗುತ್ತಿದ್ದ ಸೈನಿಕರ ಒಂದು ತಂಡವೇ ಸತ್ತಿತ್ತು.

2018ರ ಮೇ ತಿಂಗಳಲ್ಲಿ ಶಿಖರದ ಲಾವಾ ಸರೋವರ ಮತ್ತೆ ಇಳಿಯತೊಡಗಿದಾಗ, ವಿಜ್ಞಾನಿಗಳಿಗೆ 1924ರ ನೆನಪಾಯಿತು. ಅಲ್ಲಿನ ರಾಷ್ಟ್ರೀಯ ಉದ್ಯಾನವನ್ನು ಮುಚ್ಚಲಾಯಿತು. ಶಿಖರದಲ್ಲಿ ಬೂದಿ ಸಿಡಿಯಿತು, ಕುಳಿ ಕುಸಿಯಿತು. ಅದೇ ವೇಳೆಗೆ ಕೆಳಗಿನ ಬಿರುಕುಗಳಿಂದ ಹರಿದ ಲಾವಾರಸ 700ಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ಮನೆಗಳು ಹೋದವು, ಆದರೆ ಲಾವಾರಸಕ್ಕೆ ಸಿಕ್ಕಿ ಯಾರೂ ಸಾಯಲಿಲ್ಲ. ಹರಿವು ಓಡಿಹೋಗಲು ಸಮಯ ಕೊಡುತ್ತದೆ. ಹಬೆಯ ಸ್ಫೋಟ ಹಾಗೆ ಕೊಡುವುದಿಲ್ಲ. 2019ರಲ್ಲಿ ಆ ಕುಳಿಯ ತಳದಲ್ಲಿ ನೀರಿನ ಕೊಳವೇ ಕಾಣಿಸಿಕೊಂಡಿತು. 2020ರ ಡಿಸೆಂಬರ್‌ನಲ್ಲಿ ಲಾವಾರಸ ಮರಳಿ ಬಂದು ಆ ನೀರನ್ನು ಕುದಿಸಿ ಆವಿಯಾಗಿಸಿತು.

ಕಿಲವೇಯದ ಅಂಚಿನಲ್ಲಿ 1912ರಲ್ಲಿ ಸ್ಥಾಪನೆಯಾದ ವೀಕ್ಷಣಾಲಯದವರು ಅನಿಲ, ಭೂಕಂಪನ, ನೆಲದ ಓರೆ ಇವನ್ನು ಅಳೆಯುತ್ತ ಬಂದಿರುವುದು ಇದಕ್ಕಾಗಿಯೇ. ಮುಂದಿನ ಪರೀಕ್ಷೆಯಲ್ಲಿ ಕಿಲವೇಯವನ್ನು 'ಶಾಂತ ಜ್ವಾಲಾಮುಖಿ' ಎಂದು ಬರೆಯುವ ಮೊದಲು, ಯಾವ ವರ್ಷದ ಕಿಲವೇಯ ಎಂದು ಒಮ್ಮೆ ಕೇಳಿಕೊಳ್ಳಿ.